ನಾಳೆ ಎಂಬ ಖಾತೆ

2024ನೆಯ ಇಸವಿ ಡಿಸೆಂಬರ್ 15, ಭಾನುವಾರ. ಮುಂಗಡ ಆದಾಯ ತೆರಿಗೆಯ ಮೂರನೆಯ ಕಂತಿಗೆ ಗೊತ್ತಾದ ದಿನ. ಅಷ್ಟರೊಳಗೆ ವರ್ಷದ ಅಂದಾಜು ತೆರಿಗೆಯಲ್ಲಿ ನೂರಕ್ಕೆ 75 ಪಾಲು ಸಂದಿರಬೇಕೆಂಬುದು ವರ್ತಕ ಬಂಧುಗಳಿಗೆಲ್ಲ ತಿಳಿದ ಸಂಗತಿ. ಕುಕ್ ಟೌನಿನ ನಮ್ಮ ಮನೆಯ ಹಜಾರದಲ್ಲಿ ಕುಳಿತು ನಾನು ಪಾತ್ರೆ ಅಂಗಡಿಯ ಮೂರು ತಿಂಗಳ ಬಿಲ್ಲುಗಳನ್ನು ಹುಡುಕಿ ಜೋಡಿಸುತ್ತಿದ್ದೆನು. ಅದೇ ಹಜಾರದ ಇನ್ನೊಂದು ತುದಿಯಲ್ಲಿ ಒಂಬತ್ತನೆಯ ತರಗತಿಯಲ್ಲಿ ಓದುವ ನನ್ನ ಮೊಮ್ಮಗನು ಪೆನ್ಸಿಲ್ಲನ್ನು ಚೂಪು ಮಾಡುತ್ತಿದ್ದನು. ಈಗಾಗಲೇ ಚೂಪಾಗಿದ್ದ ಪೆನ್ಸಿಲ್ಲನ್ನು ಅವನು ಮತ್ತೆ ಚೂಪು ಮಾಡುತ್ತಿರುವನೆಂಬುದು ನನ್ನ ಗಮನಕ್ಕೆ ಬಂದದ್ದು, ನಾನೂ ಜೋಡಿಸಿದ ಬಿಲ್ಲುಗಳನ್ನೇ ಮತ್ತೆ ಜೋಡಿಸುತ್ತಿರುವೆನೆಂದು ಅರಿವಾದ ಮೇಲೆ.

ಹುಡುಗನು ಇತಿಹಾಸದ ಪ್ರಾಜೆಕ್ಟನ್ನು ಒಪ್ಪಿಸಬೇಕಾಗಿತ್ತು. ಕ್ರಿಸ್ಮಸ್ ರಜೆಗೆ ಶಾಲೆ ಮುಚ್ಚುವ ಮುನ್ನ, ಶುಕ್ರವಾರ 20ನೆಯ ತಾರೀಖಿನಂದು ಅದು ಉಪಾಧ್ಯಾಯಿನಿಯವರ ಮೇಜಿನ ಮೇಲಿರಬೇಕೆಂದು ಅಪ್ಪಣೆಯಾಗಿತ್ತು. ಐ.ಸಿ.ಎಸ್.ಇ. ಪದ್ಧತಿಯಲ್ಲಿ ಈ ವಿಷಯದ 100 ಅಂಕಗಳಲ್ಲಿ 20 ಅಂಕ ಇಂಥ ಕೆಲಸಕ್ಕೇ ಮೀಸಲು. ದೀಪಾವಳಿ ಕಳೆದ ವಾರದಲ್ಲಿಯೇ ವಿಷಯವನ್ನು ಕೊಟ್ಟಿದ್ದರು: 1898ರ ಪ್ಲೇಗು ಮತ್ತು ಬೆಂಗಳೂರಿನ ಹೊಸ ಬಡಾವಣೆಗಳು. ಆರು ವಾರಗಳಿಗೂ ಮಿಕ್ಕ ಕಾಲ. ಚಾರ್ಟ್ ಪೇಪರು, ಬಣ್ಣದ ಪೆನ್ನುಗಳು, ಅಂಟು ಎಲ್ಲವೂ ಮೊದಲ ದಿನವೇ ಬಂದಿದ್ದವು. ಚಾರ್ಟ್ ಪೇಪರು ರಬ್ಬರ್ ಬ್ಯಾಂಡ್ ಸಹಿತವಾಗಿ ಬೀರುವಿನ ಮೇಲೆ ಇನ್ನೂ ಸುರುಳಿಯಾಗಿಯೇ ಮಲಗಿತ್ತು. ಅದರ ಮೇಲೆ ಧೂಳು ಕುಳಿತಿತ್ತು.

ಮನೆಯಲ್ಲಿ ನಡೆಯಬೇಕಾದದ್ದೆಲ್ಲ ನಡೆಯಿತು. ಮಗನು ಗದರಿದನು, ಸೊಸೆಯು ಮೊಬೈಲನ್ನು ಕಸಿದು ಬೀಗ ಹಾಕಿದಳು, ನನ್ನ ಧರ್ಮಪತ್ನಿಯವರು ಮಗುವನ್ನು ಬಯ್ಯಬೇಡಿರೆಂದು ಎಲ್ಲರನ್ನೂ ಬಯ್ದರು. ಹುಡುಗನು ಮಾತ್ರ ಎದ್ದು ನನ್ನ ಬಳಿಗೆ ಬಂದು ಮೆಲ್ಲಗೆ ಹೇಳಿದನು: “ತಾತಾ, ಹೋದ ವರ್ಷದ ಹಾಗೆ ಅಂಗಡಿಯಲ್ಲೇ ಮಾಡಿಸಿಬಿಡೋಣವಾ?”

ಇಲ್ಲಿ ನಾನು ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಹಿಂದಿನ ವರ್ಷವೂ ಇದೇ ರಜೆಗೆ ಮುಂಚೆ ಇದೇ ಸಂಕಟ ಬಂದಿತ್ತು. ಆಗ ನಾನೇ ಹುಡುಗನ ಕಣ್ಣೀರನ್ನು ನೋಡಲಾರದೆ ಶಿವಾಜಿನಗರದ ಕಡೆಯ ಒಂದು ಜೆರಾಕ್ಸ್ ಅಂಗಡಿಗೆ ಹೋಗಿ 800 ರೂಪಾಯಿ ಕೊಟ್ಟು ಪ್ರಾಜೆಕ್ಟನ್ನು ಮಾಡಿಸಿ ತಂದಿದ್ದೆನು. ಬಣ್ಣದ ಚಿತ್ರಗಳು, ಸ್ಪೈರಲ್ ಬೈಂಡಿಂಗ್, ಮುಖಪುಟದಲ್ಲಿ ಹೊಳೆಯುವ ಅಕ್ಷರಗಳಲ್ಲಿ ಹುಡುಗನ ಹೆಸರು. ಇಪ್ಪತ್ತಕ್ಕೆ 18 ಅಂಕ ಬಂದವು. ಮನೆಗೆ ಬಂದ ನೆಂಟರೆದುರು ನಾನು ಆ ಪುಸ್ತಕವನ್ನು ತೆಗೆದು ತೋರಿಸಿದಾಗ ಹುಡುಗನು ಎದ್ದು ಒಳಗೆ ಹೋದನು. ನಾಚಿಕೆಯ ಸ್ವಭಾವವೆಂದುಕೊಂಡೆನು. ಪ್ರತಿ ಚತುರ್ದಶಿಯಂದು ಬಸದಿಯಲ್ಲಿ ಕುಳಿತು ಸತ್ಯ, ಅಚೌರ್ಯಗಳ ಅತಿಚಾರಗಳನ್ನು ನಾಲ್ಕು ಜನಕ್ಕೆ ಬಿಡಿಸಿ ಹೇಳುವ ನನಗೆ, ಮತ್ತೊಬ್ಬನ ಕೆಲಸಕ್ಕೆ ಮೊಮ್ಮಗನ ಹೆಸರನ್ನು ಅಚ್ಚು ಹಾಕಿಸಿದ್ದು ಯಾವ ಲೆಕ್ಕಕ್ಕೆ ಸೇರುವುದೆಂದು ಆಗ ತೋರಲಿಲ್ಲ. ಈ ವರ್ಷ ಅವನಾಗಿಯೇ ಬಂದು ಕೇಳಿದಾಗ, ನಾನು ಕಲಿಸಿದ ಪಾಠವನ್ನೇ ಅವನು ಒಪ್ಪಿಸಿದಂತಾಯಿತು.

“ಬೇಡಪ್ಪ” ಎಂದೆನು. ಹುಡುಗನ ಮುಖ ಬಾಡಿತು. “ಹಾಗಾದರೆ ನನ್ನ ಕೈಲಿ ಆಗಲ್ಲ” ಎಂದನು.

ಈ ಮಾತನ್ನು ಆಲಸ್ಯವೆಂದು ಎಣಿಸುವುದು ಸುಲಭ. ನಮ್ಮ ಶಾಸ್ತ್ರಗಳಲ್ಲಿ ಬರುವ ಪ್ರಮಾದವೆಂಬ ಪದವನ್ನೂ ನಾವು ಸೋಮಾರಿತನವೆಂದೇ ಅನುವಾದಿಸಿಕೊಂಡು ಮುಂದೆ ಹೋಗುತ್ತೇವೆ. ತತ್ತ್ವಾರ್ಥಸೂತ್ರದ ಎಂಟನೆಯ ಅಧ್ಯಾಯದಲ್ಲಿ ಬಂಧದ ಐದು ಕಾರಣಗಳ ನಡುವೆ, ಅವಿರತಿಗೂ ಕಷಾಯಕ್ಕೂ ಮಧ್ಯೆ, ಪ್ರಮಾದವು ಕುಳಿತಿದೆ. ಗೊಮ್ಮಟಸಾರದ ಜೀವಕಾಂಡವು ಅದನ್ನು ಹದಿನೈದಾಗಿ ಎಣಿಸುತ್ತದೆ: ವಿಕಥೆಗಳು ನಾಲ್ಕು, ಕಷಾಯಗಳು ನಾಲ್ಕು, ಇಂದ್ರಿಯಗಳು ಐದು, ನಿದ್ರೆ ಒಂದು, ಪ್ರಣಯ ಒಂದು. ಓದುಗ ಬಂಧುಗಳು ಈ ಲೆಕ್ಕವನ್ನು ವ್ಯಾಪಾರಿಯ ಕಣ್ಣಿನಿಂದ ಒಮ್ಮೆ ನೋಡಬೇಕು. ಹದಿನೈದರಲ್ಲಿ ನಿದ್ರೆಗೆ ಸಿಕ್ಕಿದ್ದು ಒಂದೇ ಪಾಲು! ಮಿಕ್ಕ ಹದಿನಾಲ್ಕೂ ಎಚ್ಚರವಾಗಿದ್ದುಕೊಂಡೇ, ಬಹಳ ಸಲ ಕೈತುಂಬ ಕೆಲಸವಿಟ್ಟುಕೊಂಡೇ ಆಗುವಂಥವು. ಇನ್ನೂ ಒಂದು ವಿಷಯ. ಗುಣಸ್ಥಾನಗಳಲ್ಲಿ ಆರನೆಯದರ ಹೆಸರೇ ಪ್ರಮತ್ತಸಂಯತ. ಮಹಾವ್ರತಗಳನ್ನು ಸ್ವೀಕರಿಸಿದ ಮುನಿಗಳೇ ಅಲ್ಲಿರುವವರು. ಹೀಗಿರುವಾಗ ಹದಿನಾಲ್ಕು ವರ್ಷದ ಬಾಲಕನಿಗೆ ಪ್ರಮಾದದ ಸೋಂಕೇ ಇರಕೂಡದೆಂದು ಗದರುವುದು ಎಲ್ಲಿಯ ನ್ಯಾಯ?

ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ವಿಚಾರಿಸಿದೆನು. ತರಗತಿಯ ಮತ್ತೊಬ್ಬ ಹುಡುಗನು ಹಳೆಯ ಬಂಗಲೆಯೊಂದರ ಮಾದರಿಯನ್ನು ಥರ್ಮಕೋಲಿನಲ್ಲಿ ಮಾಡಿ ದೀಪ ಹೊತ್ತಿಸಿದ್ದನಂತೆ. ಅದನ್ನು ನೋಡಿದ ದಿನದಿಂದ ಇವನಿಗೆ ಕೈ ಓಡಲಿಲ್ಲ. ಹೋದ ವರ್ಷದ 18 ಅಂಕಗಳು ಬೇರೆ ತಲೆಯ ಮೇಲಿದ್ದವು. ತನ್ನ ಕೈಬರಹದಿಂದ ಅಷ್ಟು ಬರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಅಂದರೆ ಹುಡುಗನನ್ನು ಕಟ್ಟಿಹಾಕಿದ್ದು ನಿದ್ರೆಯಲ್ಲ, ಮಾನಕಷಾಯ. ಆ ಕಷಾಯಕ್ಕೆ ಒಲೆ ಹೊತ್ತಿಸಿದವನು ನಾನು.

ಆಧುನಿಕ ಮನಶ್ಶಾಸ್ತ್ರಜ್ಞರೂ ಸುಮಾರಾಗಿ ಇದನ್ನೇ ಹೇಳುತ್ತಾರೆಂದು ಈಚೆಗೆ ಓದಿದೆನು. ಫುಷಿಯಾ ಸಿರೋಯಿಸ್ ಮತ್ತು ಟಿಮೊಥಿ ಪಿಚಿಲ್ ಎಂಬಿಬ್ಬರು 2013ರಲ್ಲಿ ಬರೆದ ಪ್ರಬಂಧದಲ್ಲಿ, ಕೆಲಸವನ್ನು ಮುಂದೂಡುವವನು ಕಾಲವನ್ನು ನಿರ್ವಹಿಸಲಾರದವನು ಎನ್ನುವುದಕ್ಕಿಂತ ಆ ಕೆಲಸದೊಡನೆ ಬರುವ ಬೇಗುದಿಯನ್ನು ಸಹಿಸಲಾರದವನು ಎಂಬ ಅಭಿಪ್ರಾಯವಿದೆ. ಬೇಗುದಿಯನ್ನು ಇಂದಿಗೆ ತಪ್ಪಿಸಿಕೊಂಡು ಅದರ ಬಿಲ್ಲನ್ನು ನಾಳಿನವನ ಹೆಸರಿಗೆ ಬರೆಯುವುದು. ವ್ಯಾಪಾರದಲ್ಲಿ ಇಂಥ ಉದ್ರಿಯನ್ನು ನಾವು ಯಾರಿಗೂ ಕೊಡುವುದಿಲ್ಲ. 1994ರಲ್ಲಿ ಕೆನಡಾದ ವಿದ್ವಾಂಸರು ನಡೆಸಿದ ಇನ್ನೊಂದು ಅಧ್ಯಯನವಂತೂ ಸ್ವಾರಸ್ಯದ್ದು. ಪ್ರೌಢ ಪ್ರಬಂಧವನ್ನು ಬರೆಯುತ್ತಿದ್ದ ವಿದ್ಯಾರ್ಥಿಗಳು ಸರಾಸರಿ 34 ದಿನಗಳಲ್ಲಿ ಮುಗಿಸುವೆವೆಂದರು. ಹಿಡಿದದ್ದು ಸುಮಾರು 55 ದಿನ. ಎಲ್ಲವೂ ಕೆಟ್ಟರೆ ಎಷ್ಟಾದೀತೆಂದು ಕೇಳಿದಾಗ ಅವರು ಹೇಳಿದ ಲೆಕ್ಕವನ್ನೂ ಅದು ಮೀರಿತು. ನಮ್ಮಲ್ಲಿ ಬಸದಿಯ ಜೀರ್ಣೋದ್ಧಾರದ ಅಂದಾಜು ಪಟ್ಟಿ ತಯಾರಿಸುವ ಟ್ರಸ್ಟಿನವರು ಇದನ್ನು ಓದಿದರೆ ಅವರಿಗೇನೂ ಆಶ್ಚರ್ಯವಾಗಲಾರದು.

ಮುಗಿಯದೆ ಉಳಿದದ್ದೆಲ್ಲ ಪ್ರಮಾದವೆಂದು ಮಾತ್ರ ಹೇಳಲಾಗದು. ವೀರಸೇನಾಚಾರ್ಯರು ಜಯಧವಲಾ ಟೀಕೆಯನ್ನು ಇಪ್ಪತ್ತು ಸಾವಿರ ಶ್ಲೋಕಪ್ರಮಾಣದಷ್ಟು ರಚಿಸಿ ಕಾಲವಾದರು. ಶಿಷ್ಯರಾದ ಜಿನಸೇನರು ಇನ್ನೂ ನಲವತ್ತು ಸಾವಿರವನ್ನು ಬರೆದು ಕ್ರಿ.ಶ. 837ರಲ್ಲಿ ಮುಗಿಸಿದರು. ಆ ಜಿನಸೇನರ ಮಹಾಪುರಾಣವೇ ಅಪೂರ್ಣವಾಗಿ ಉಳಿದು ಗುಣಭದ್ರರ ಪಾಲಿಗೆ ಬಂದಿತು. ಇತ್ತ ನಮ್ಮ ಪಂಪನು ಆದಿಪುರಾಣವನ್ನು ಮೂರು ತಿಂಗಳಲ್ಲಿ, ವಿಕ್ರಮಾರ್ಜುನ ವಿಜಯವನ್ನು ಆರು ತಿಂಗಳಲ್ಲಿ ಮುಗಿಸಿದೆನೆಂದು ಹೇಳಿಕೊಂಡಿದ್ದಾನೆ. ಬರೆಯುತ್ತಲೇ ಆಯುಷ್ಯ ತೀರುವುದು ಬೇರೆ, ಪೆನ್ಸಿಲ್ ಚೂಪು ಮಾಡುತ್ತಲೇ ತೀರುವುದು ಬೇರೆ.

ಆ ಸಂಜೆ ಐದೂಕಾಲಕ್ಕೆ ಎಂದಿನಂತೆ ಎಲೆ ಹಾಕಿದರು. ಡಿಸೆಂಬರ್ ನಡುವಿನಲ್ಲಿ ಬೆಂಗಳೂರಿನ ಸೂರ್ಯನು ಆರಕ್ಕೆ ಕೆಲವು ನಿಮಿಷ ಮುನ್ನವೇ ಅಸ್ತನಾಗುತ್ತಾನೆ. ಬಿಲ್ಲುಗಳನ್ನು ಹಾಗೆಯೇ ಬಿಟ್ಟು ನಾನೆದ್ದೆನು, ಕಣ್ಣೀರು ಒರೆಸಿಕೊಂಡು ಹುಡುಗನೂ ಎದ್ದನು. ಊಟಕ್ಕೆ ಕುಳಿತಾಗ ನನಗೊಂದು ಯೋಚನೆ ಹೊಳೆಯಿತು. ಈ ಮನೆಯಲ್ಲಿ ತೆರಿಗೆ ತಡವಾಗುತ್ತದೆ, ಪ್ರಾಜೆಕ್ಟು ತಡವಾಗುತ್ತದೆ, ಸೋರುವ ನಲ್ಲಿಯ ರಿಪೇರಿ ಎರಡು ವರ್ಷದಿಂದ ಬಾಕಿಯಿದೆ. ಸೂರ್ಯಾಸ್ತದ ಮುನ್ನಿನ ಊಟವೊಂದು ಮಾತ್ರ ನನಗೆ ಬುದ್ಧಿ ತಿಳಿದಾಗಿನಿಂದ ಒಂದು ದಿನವೂ ತಡವಾದದ್ದಿಲ್ಲ. ನಾವು ಅಷ್ಟೊಂದು ದೃಢಚಿತ್ತರೇ? ಅಲ್ಲ. ಅಲ್ಲಿ ನಮ್ಮ ಮನಸ್ಸನ್ನು ಯಾರೂ ಕೇಳುವುದಿಲ್ಲ, ಅಷ್ಟೇ. ಗಡುವು ಆಕಾಶದಲ್ಲಿದೆ. ಅಡಿಗೆಯವರು ಮೂರೂವರೆಗೆ ಒಲೆ ಹಚ್ಚುತ್ತಾರೆ, ನಾಲ್ಕೂವರೆಗೆ ಅಂಗಡಿಯಿಂದ ಹೊರಡುವವನು ಹೊರಡುತ್ತಾನೆ. ದೊಡ್ಡ ವ್ರತವು ಸಣ್ಣ ಸಣ್ಣ ಗಳಿಗೆಗಳಾಗಿ ಒಡೆದು ಮನೆಯವರೆಲ್ಲರ ಕೈಗೆ ಹಂಚಿಹೋಗಿದೆ. ನಮ್ಮ ತಂದೆಯವರು ದಿನದ ಕಿರ್ದಿ ಬರೆದು ಶಿಲ್ಕು ತಾಳೆಯಾಗದೆ ಗದ್ದಿಗೆಯಿಂದ ಏಳುತ್ತಿರಲಿಲ್ಲ. ಹೊತ್ತು ಮುಳುಗುವುದರೊಳಗೆ ಮನೆ ಸೇರಬೇಕಾಗಿದ್ದುದರಿಂದ ಅವರ ಲೆಕ್ಕವೂ ಪ್ರತಿದಿನ ಹೊತ್ತಿಗೆ ಸರಿಯಾಗಿ ಮುಗಿಯುತ್ತಿತ್ತು.

ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಯಮ, ನಿಯಮ ಎಂದು ತ್ಯಾಗವನ್ನು ಎರಡಾಗಿ ವಿಂಗಡಿಸಿರುವುದು ಆಗ ನೆನಪಿಗೆ ಬಂದಿತು. ಯಮವು ಬದುಕಿರುವವರೆಗೆ, ನಿಯಮವು ಮಿತಿಯುಳ್ಳ ಕಾಲಕ್ಕೆ. ಒಂದು ಹಗಲು, ಒಂದು ರಾತ್ರಿ, ಒಂದು ಪಕ್ಷ, ಒಂದು ಮಾಸ, ಹೀಗೆ. ಗೃಹಸ್ಥನ ಶಕ್ತಿಯ ಅಳತೆಯನ್ನು ಬಲ್ಲವರು ಮಾಡಿದ ವ್ಯವಸ್ಥೆ ಇದು. “ಇನ್ನು ಮೇಲೆ ಎಂದೆಂದಿಗೂ ಮುಂದೂಡುವುದಿಲ್ಲ” ಎಂದು ಹುಡುಗನಿಂದ ಪ್ರಮಾಣ ಮಾಡಿಸುವುದು ಯಮವಾದೀತು. ಅದು ಅವನಿಂದಲೂ ಆಗದು, ನನ್ನಿಂದಲೂ ಆಗದು. ಆದುದರಿಂದ ನಿಯಮ ಮಾಡಿಕೊಂಡೆವು. ದಿನಕ್ಕೆ ಎರಡು ಮುಹೂರ್ತ, ಊಟವಾದೊಡನೆ ಒಂದು, ಬೆಳಿಗ್ಗೆ ಒಂದು. ಮುಹೂರ್ತವೆಂದರೆ ಎರಡು ಗಳಿಗೆ, 48 ನಿಮಿಷ, ಸಾಮಾಯಿಕಕ್ಕೆ ಕೂರುವಷ್ಟೇ ಕಾಲ. ಆ ಹೊತ್ತಿನಲ್ಲಿ ಅವನು ಪ್ರಾಜೆಕ್ಟು, ನಾನು ತೆರಿಗೆ. ಚೆನ್ನಾಗಿ ಬರೆಯಬೇಕೆಂಬ ಕಟ್ಟಳೆ ಇಲ್ಲ, ಏಳಬಾರದೆಂಬುದೊಂದೇ.

ಮೊದಲ ಮುಹೂರ್ತದಲ್ಲಿ ಹುಡುಗನು ಅರ್ಧ ಪುಟ ಬರೆದು ಹೊಡೆದುಹಾಕಿದನು. ಎರಡನೆಯದರಲ್ಲಿ ಒಂದೂವರೆ ಪುಟ ಉಳಿಯಿತು. ಮಂಗಳವಾರ ಮಧ್ಯಾಹ್ನ ಶಾಲೆಯಿಂದ ಬಂದವನನ್ನು ಕರೆದುಕೊಂಡು ನಮ್ಮ ಬೀದಿಗಳಲ್ಲೇ ನಡೆದೆನು. ಮಿಲ್ಟನ್ ಸ್ಟ್ರೀಟಿನಿಂದ ವೀಲರ್ ರಸ್ತೆ ದಾಟಿ ಫ್ರೇಜರ್ ಟೌನಿನವರೆಗೆ. ಅಪಾರ್ಟ್‌ಮೆಂಟುಗಳ ನಡುವೆ ಅಲ್ಲೊಂದು ಇಲ್ಲೊಂದು ಉಳಿದಿರುವ ಹಳೆಯ ಮನೆಗಳನ್ನು ತೋರಿಸಿದೆನು. ಎತ್ತರದ ಕಲ್ಲಿನ ಪಾಯ, ಗೋಡೆಯ ಮೇಲ್ಭಾಗದ ಗಾಳಿಗಂಡಿ. ಪ್ಲೇಗಿನ ಮುಂದಿನ ದಶಕದಲ್ಲಿ ಫ್ರೇಜರ್ ಟೌನನ್ನು ಯೋಜಿಸಿದಾಗ ಇಲಿ ಹೊಗದ ಮನೆಗಳನ್ನು ಕಟ್ಟಿಸುವುದೇ ಗುರಿಯಾಗಿತ್ತು. ಅದರಲ್ಲಿ ದುಡಿದ ಜೆ.ಎಚ್. ಸ್ಟೀಫನ್ಸ್ ಎಂಬ ಅಧಿಕಾರಿಯು 1914ರಲ್ಲಿ ಇದರ ಕುರಿತೇ ಒಂದು ಪುಸ್ತಕವನ್ನು ಪ್ರಕಟಿಸಿದನು. ನಮ್ಮ ಬಡಾವಣೆಗೆ ಹೆಸರು ಕೊಟ್ಟ ಕುಕ್ ಕೂಡ ಕಂಟೋನ್ಮೆಂಟಿನ ಆಡಳಿತದಲ್ಲಿದ್ದ ಆಂಗ್ಲ ಅಧಿಕಾರಿಯೇ. ಈಗ ನಮ್ಮ ವಿಧಾನಸಭಾ ಕ್ಷೇತ್ರದ ಹೆಸರು ಸರ್ವಜ್ಞನಗರ.

ಹುಡುಗನ ಕಣ್ಣು ಅರಳಿದ್ದು ಬೇರೊಂದು ಸಂಗತಿಯಿಂದ. ಪ್ಲೇಗಿನ ರೋಗಾಣುವನ್ನು ಯೆರ್ಸಿನ್ 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದನು. ಅದು ಇಲಿಯ ಚಿಗಟದಿಂದ ಹರಡುವುದೆಂದು ಪೌಲ್ ಲೂಯಿ ಸಿಮಂಡ್ ಎಂಬ ಫ್ರೆಂಚ್ ವೈದ್ಯನು 1898ರ ಜೂನ್ ತಿಂಗಳಲ್ಲಿ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದನು. ಅದೇ ವರ್ಷ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರಿಗೆ ಬಂದಿತು. ಉತ್ತರ ಸಿಕ್ಕಿತ್ತು, ಕೇಳುವವರಿರಲಿಲ್ಲ. ಸಿಮಂಡನ ಮಾತನ್ನು ವೈದ್ಯಲೋಕವು ಒಪ್ಪಿಕೊಳ್ಳಲು ಹತ್ತಿರ ಹತ್ತಿರ ಒಂದು ದಶಕವೇ ಹಿಡಿಯಿತು. “ತಿಳಿದ ಮೇಲೂ ಅಷ್ಟು ವರ್ಷ ಯಾಕೆ ಸುಮ್ಮನಿದ್ದರು ತಾತಾ?” ಎಂದು ಹುಡುಗನು ಕೇಳಿದನು. ಆ ಪ್ರಶ್ನೆಯನ್ನೇ ಪ್ರಾಜೆಕ್ಟಿನ ಕೊನೆಯ ಪುಟದ ಶೀರ್ಷಿಕೆಯಾಗಿ ಬರೆದನು. ಗುರುವಾರ ಸಂಜೆಗೆ ಹನ್ನೆರಡು ಪುಟಗಳು, ಸೊಟ್ಟಗಿನ ಒಂದು ನಕ್ಷೆ, ಅವನೇ ತೆಗೆದ ನಾಲ್ಕು ಫೋಟೋಗಳು ಸಿದ್ಧವಾದವು. ಶುಕ್ರವಾರ ಒಪ್ಪಿಸಿದನು. ರಜೆ ಕಳೆದ ಮೇಲೆ 14 ಅಂಕ ಬಂದವು. ಹೋದ ವರ್ಷದ್ದು ತನ್ನದಲ್ಲವೆಂದು ಉಪಾಧ್ಯಾಯಿನಿಯವರಿಗೆ ಹೇಳಿಬಿಡಲೇ ಎಂದು ಕೇಳಿದನು. ನಾನು ಜೊತೆಗೆ ಬರುವೆನೆಂದೆನು. ಹೋದೆವು. ಅವರು ನಕ್ಕು, “ನಮಗೆ ಗೊತ್ತಾಗುವುದಿಲ್ಲವೇ ಸರ್?” ಎಂದರು. ಆ ನಗುವಿಗಿಂತ ಗದರಿಕೆಯೇ ಮೇಲಾಗಿತ್ತು.

ಆದರೆ ನಾನು ಬರೆಯಲು ಕುಳಿತದ್ದು ಇದಿಷ್ಟಕ್ಕಾಗಿ ಅಲ್ಲ. ಪ್ರಾಜೆಕ್ಟು ಒಪ್ಪಿಸಿದ ಶುಕ್ರವಾರ ರಾತ್ರಿ ಹುಡುಗನು ನನ್ನನ್ನು ಕೇಳಿದನು: “ತಾತಾ, ನೀವು ಯಾವುದನ್ನಾದರೂ ತುಂಬ ವರ್ಷ ಮುಂದಕ್ಕೆ ಹಾಕಿದ್ದೀರಾ?”

ಹಾಕಿದ್ದೆನು. ನಮ್ಮ ಅಂಗಡಿಯಲ್ಲಿ ತಂದೆಯವರ ಕಾಲದಿಂದ ಇದ್ದ ರೈಟರೊಬ್ಬರು, ನನಗಿಂತ ಎಂಟು ಹತ್ತು ವರ್ಷ ಹಿರಿಯರು. 2009ರ ಮಾರ್ಚ್ ಅಂತ್ಯದಲ್ಲಿ ವರ್ಷದ ಲೆಕ್ಕ ಮುಗಿಸುವಾಗ ಶಿಲ್ಕಿನಲ್ಲಿ 4,500 ರೂಪಾಯಿ ಕಡಿಮೆ ಬಂದಿತು. ಗಲ್ಲಾಪೆಟ್ಟಿಗೆಯ ಬೀಗದ ಕೈ ಅವರಲ್ಲಿತ್ತು. ನಾನು ನಾಲ್ಕು ಜನರ ಮುಂದೆ ಆಡಬಾರದ ಮಾತನ್ನು ಆಡಿದೆನು, ಬಾಕಿ ಸಂಬಳದಲ್ಲಿ ಆ ಹಣವನ್ನು ಮುರಿದುಕೊಂಡೆನು. ಅವರು ಎದುರಾಡದೆ ಬೀಗದ ಕೈಯನ್ನು ಗದ್ದಿಗೆಯ ಮೇಲಿಟ್ಟು ಹೊರಟುಹೋದರು. ಮರುವರ್ಷ ಹಳೆಯ ಪುಸ್ತಕವನ್ನು ತಿರುವುವಾಗ ತಪ್ಪು ಕಣ್ಣಿಗೆ ಬಿದ್ದಿತು. ಹಿಂದಿನ ಪುಟದ 12,740ನ್ನು ಮುಂದಿನ ಪುಟಕ್ಕೆ 17,240 ಎಂದು ತರಲಾಗಿತ್ತು. ರೈಟರು ರಜೆಯಲ್ಲಿದ್ದ ದಿನ ಅದು. ಅಕ್ಷರ ನನ್ನದು.

ಅಂದೇ ಹೋಗಬೇಕಾಗಿತ್ತು. ದಶಲಕ್ಷಣ ಪರ್ವ ಹತ್ತಿರವಿತ್ತು, ಕ್ಷಮಾವಣಿಯ ದಿನ ಹೋದರೆ ಅರ್ಥಪೂರ್ಣವಾಗುವುದೆಂದುಕೊಂಡೆನು. ಆ ಕ್ಷಮಾವಣಿಯಂದು ಬಸದಿಯಲ್ಲಿ ನನ್ನದೇ ಉಪನ್ಯಾಸವಿತ್ತು. ಮುಂದಿನ ವರ್ಷ ಮಗಳ ಮದುವೆ. ಆಮೇಲೆ ತಡವಾದುದೇ ಹೋಗದಿರಲು ಕಾರಣವಾಯಿತು. ಪ್ರತಿ ವರ್ಷವೂ ನೂರಾರು ಜನರಿಗೆ ಕ್ಷಮೆ ಕೋರುವ ಕಾರ್ಡುಗಳನ್ನು ಅಚ್ಚು ಮಾಡಿಸಿ ಅಂಚೆಗೆ ಹಾಕುತ್ತಿದ್ದೆನು, ಈಚೆಗೆ ವಾಟ್ಸಾಪಿನಲ್ಲಿ ಕಳುಹಿಸುತ್ತಿದ್ದೆನು. ಅವರಲ್ಲಿ ಬಹುಮಂದಿಗೆ ನಾನು ಯಾವ ಅಪರಾಧವನ್ನೂ ಮಾಡಿರಲಿಲ್ಲ.

ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ ವೋಲ್, ಪಿಚಿಲ್, ಬೆನೆಟ್ ಎಂಬವರು 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಮೊದಲ ಪರೀಕ್ಷೆಯ ಓದನ್ನು ಮುಂದೂಡಿದ ವಿದ್ಯಾರ್ಥಿಗಳಲ್ಲಿ ತಮ್ಮನ್ನು ತಾವು ಕ್ಷಮಿಸಿಕೊಂಡವರು ಎರಡನೆಯದಕ್ಕೆ ಕಡಿಮೆ ಮುಂದೂಡಿದರಂತೆ. ಆಲೋಚನೆ, ಪ್ರತಿಕ್ರಮಣ, ಪ್ರತ್ಯಾಖ್ಯಾನಗಳ ಕ್ರಮವನ್ನು ಬಲ್ಲ ನಮಗೆ ಇದು ಒಪ್ಪುವ ಮಾತೇ. ಹುಡುಗನಿಗೆ ನಾನು ಇದನ್ನು ಸಂತೋಷದಿಂದ ಓದಿ ಹೇಳಿದ್ದೆನು. ನನ್ನ ಖಾತೆಯಲ್ಲಿ ಮಾತ್ರ ಇನ್ನೊಬ್ಬರ ಹೆಸರಿತ್ತು. ಅಲ್ಲಿ ನನ್ನ ಕ್ಷಮೆಯನ್ನು ನಾನೇ ಜಮಾ ಮಾಡಿಕೊಳ್ಳುವಂತಿರಲಿಲ್ಲ.

2025ರ ಜನವರಿ 5, ಭಾನುವಾರ, ಹಳೆಯ ಪುಸ್ತಕವನ್ನು ಬಟ್ಟೆಯ ಚೀಲದಲ್ಲಿಟ್ಟುಕೊಂಡು ಹುಡುಗನೊಡನೆ ಹೊರಟೆನು. ಕೃಷ್ಣರಾಜಪುರದ ತೂಗುಸೇತುವೆ ದಾಟಿ, ಕೇಳುತ್ತಾ ಕೇಳುತ್ತಾ ಮನೆ ಸಿಕ್ಕಿತು. ರೈಟರು ವರಾಂಡದಲ್ಲಿ ಕುಳಿತಿದ್ದರು. ಕಿವಿ ಮಂದವಾಗಿತ್ತು, ಕಣ್ಣು ಚೆನ್ನಾಗಿತ್ತು. ನಾನು ಸಿದ್ಧಪಡಿಸಿಕೊಂಡು ಹೋಗಿದ್ದ ಮಾತುಗಳು ಅವರಿಗೆ ಕೇಳಿಸಲಿಲ್ಲ. ಪುಸ್ತಕವನ್ನು ತೆರೆದು ಆ ಎರಡು ಪುಟಗಳನ್ನು ಮುಂದಿಟ್ಟೆನು. ಬೆರಳಿನಿಂದ ಅಂಕಣದುದ್ದಕ್ಕೂ ಇಳಿದು ಬಂದರು, ಪುಟ ಮಗುಚಿದರು, ನಿಂತರು.

“ಸಣ್ಣ ಯಜಮಾನರೇ, ನಾಲ್ಕೂವರೆ ಸಾವಿರ ಒಂಬತ್ತರಿಂದ ಭಾಗವಾಗುತ್ತೆ ನೋಡಿ. ಹಾಗೆ ಭಾಗವಾದರೆ ಅಂಕಿ ಹಿಂದುಮುಂದಾಗಿರಬಹುದು ಅಂತ ದೊಡ್ಡ ಯಜಮಾನರೇ ನನಗೆ ಹೇಳಿಕೊಟ್ಟಿದ್ದು. ಮನೆಗೆ ಬಂದ ರಾತ್ರಿಯೇ ನನಗೆ ಹೊಳೀತು. ನಾಳೆ ಹೋಗಿ ಹೇಳೋಣ ಅಂದುಕೊಂಡೆ. ಕೋಪ ಇತ್ತು, ಹೋಗಲಿಲ್ಲ.”

ಬಿ.ಕಾಂ. ಪದವೀಧರನಾದ ನಾನು ತಲೆ ತಗ್ಗಿಸಿ ಕುಳಿತೆನು. ಲಕೋಟೆಯನ್ನು ಕೊಟ್ಟೆನು. ಅಸಲು 4,500, ನೂರಕ್ಕೆ ಆರರಂತೆ 15 ವರ್ಷ 9 ತಿಂಗಳ ಸರಳಬಡ್ಡಿ 4,252 ರೂಪಾಯಿ 50 ಪೈಸೆ. ಚೀಟಿಯ ಮೇಲಿನ ಲೆಕ್ಕವನ್ನು ಅವರು ಮನಸ್ಸಿನಲ್ಲೇ ಇನ್ನೊಮ್ಮೆ ಮಾಡಿ ತಲೆಯಾಡಿಸಿದರು. “ಐದು ಸಾವಿರ ದಾಟಿದೆ, ರಸೀದಿಗೆ ಸ್ಟಾಂಪ್ ಬೇಕು” ಎಂದು ಒಳಗಿನಿಂದ ಒಂದು ತಗಡಿನ ಡಬ್ಬಿಯನ್ನು ತರಿಸಿ, ರೆವಿನ್ಯೂ ಸ್ಟಾಂಪ್ ಹಚ್ಚಿ, ಅದೇ ಹಳೆಯ ದುಂಡಕ್ಷರಗಳಲ್ಲಿ ರಸೀದಿ ಬರೆದು ತಾರೀಖು ಹಾಕಿದರು. ನಾನು 8,753 ರೂಪಾಯಿ ಇಟ್ಟಿದ್ದೆನು. ಡಬ್ಬಿಯ ತಳದಲ್ಲಿ ಹುಡುಕಿ ಎಂಟಾಣೆಯ ನಾಣ್ಯವೊಂದನ್ನು ಹುಡುಗನ ಅಂಗೈಯಲ್ಲಿಟ್ಟರು.

ಅವರ ಮನೆಯವರು ಊಟಕ್ಕೆ ನಿಲ್ಲಿರೆಂದು ಒತ್ತಾಯಿಸಿದರು. ರೈಟರು ಕೈ ಅಡ್ಡ ಹಿಡಿದು ಬಾಗಿಲಾಚೆ ಬಿಸಿಲಿನ ಕಡೆ ನೋಡಿದರು. “ಬೇಡ ಬೇಡ, ಅವರಲ್ಲಿ ಹೊತ್ತು ಮುಳುಗೋಕೆ ಮುಂಚೆ ಊಟ ಆಗಬೇಕು. ಹೊರಡಿ ಯಜಮಾನರೇ, ಸೇತುವೆ ಹತ್ತಿರ ಗಾಡಿ ನಿಂತುಬಿಡುತ್ತವೆ” ಎಂದರು.